ಮಾನಿಟರ್‌ನಲ್ಲಿ ಎಲ್ಲ ಹಸಿರು

ಸ್ಟ್ರೋಕ್ (ಪಾರ್ಶ್ವವಾಯು) ಯೂನಿಟ್‌ನಲ್ಲಿ ಬಿಪಿ ಕಡಿಮೆ ಬಂದರೆ ನಮಗೆಲ್ಲ ಖುಷಿ. ಮುಂದಿನ ಪಾಳಿಗೆ ಹ್ಯಾಂಡೋವರ್ ಬೇಗ ಮುಗಿಯುತ್ತದೆ. ಅದೇ ಖುಷಿ ಒಂದು ಬೆಳಗ್ಗೆ ನನಗೆ ಸರಿಯಾಗಿ ಕೈಕೊಟ್ಟಿತು.

ಅರಸೀಕೆರೆ ಕಡೆಯ ಯಜಮಾನರು, ಕೊಬ್ಬರಿ ವ್ಯಾಪಾರ. ಟಿಐಎ, ಅಂದರೆ ಸ್ವಲ್ಪ ಹೊತ್ತು ಬಂದು ಹೋಗುವ ಸ್ಟ್ರೋಕ್, ಆಗಿ ಅಡ್ಮಿಟ್ ಆಗಿದ್ದರು. ಆಂಜಿಯೋದಲ್ಲಿ ಎಡಗಡೆ ಎಂಸಿಎ (ಮಿದುಳಿನ ಮುಖ್ಯ ರಕ್ತನಾಳಗಳಲ್ಲೊಂದು) ಶೇ 80ರಷ್ಟು ಕಿರಿದಾಗಿತ್ತು. ಮಗನದ್ದು ಒಂದೇ ಹಟ: "ಸಿಸ್ಟರ್, ನಮ್ಮ ಚಿಕ್ಕಪ್ಪಂಗೆ ಹಾರ್ಟಿಗೆ ಸ್ಟೆಂಟ್ ಹಾಕಿ ಬೇಗ ಮನೆಗೆ ಕಳಿಸಿದ್ರು. ಅಪ್ಪಂಗೆ ಯಾಕೆ ಬರೀ ಮಾತ್ರೆ?" ಒಳಗೊಳಗೆ ನನಗೂ ಹಾಗೇ ಅನಿಸುತ್ತಿತ್ತು.

ಬೆಳಗಿನ ಮಾತ್ರೆ ಕೊಟ್ಟೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಜೊತೆಗೆ ಮನೆಯಲ್ಲಿ ತಗೊಳ್ಳುತ್ತಿದ್ದ ಎರಡು ಬಿಪಿ ಮಾತ್ರೆ. ರಾತ್ರಿ ಯಾರೋ ಹಳೇ ಚೀಟಿ ನೋಡಿ ಚಾರ್ಟಿಗೆ ಹತ್ತಿಸಿದ್ದರು. ನಾನೂ ಕೇಳಲಿಲ್ಲ.

ಆಮೇಲೆ ಯಜಮಾನರು ಎದ್ದು ಕೂತು, ಕಾಫಿ ಕುಡಿಯುತ್ತಾ ತಿಪಟೂರು ಮಾರ್ಕೆಟ್ ರೇಟು ಹೇಳತೊಡಗಿದರು. ಬಲಗೈಯ ಲೋಟ ಮೆಲ್ಲಗೆ ವಾಲಿತು. ಬಿಸಿ ಕಾಫಿ ಪಂಚೆ ಮೇಲೆ ಸುರಿಯುತ್ತಿದೆ, ಅವರಿಗೆ ಗೊತ್ತೇ ಆಗುತ್ತಿಲ್ಲ. "ಕ್ವಿಂಟಾಲಿಗೆ... ಕ್ವಿಂಟಾಲಿಗೆ..." ಮಾತು ಅಲ್ಲೇ ನಿಂತಿತು. ನಾನು ಮಾನಿಟರ್ ನೋಡಿದೆ. 108/64. ಎಲ್ಲ ಹಸಿರು. ರಾತ್ರಿ ನಿದ್ದೆ ಆಗಿಲ್ಲ, ತೂಕಡಿಸುತ್ತಿದ್ದಾರೆ ಅಂದುಕೊಂಡು, ಪಂಚೆ ಬದಲಾಯಿಸಲು ಆಯಾನ ಕರೆದೆ!

ಆಯಾ ಬಂದು "ಕೈ ಎತ್ತಿ ಯಜಮಾನ್ರೇ" ಅಂದಳು. ಎಡಗೈ ಎದ್ದಿತು. ಬಲಗೈ ಏಳಲಿಲ್ಲ.

ತುರ್ತು ಕರೆಯ ಕೋಡ್ ಕೊಟ್ಟೆವು. ರಿಜಿಸ್ಟ್ರಾರ್ (ಡ್ಯೂಟಿ ಡಾಕ್ಟರ್) ಓಡಿಬಂದವರೇ ಮೊದಲು ಬೆಡ್ಡಿನ ತಲೆಭಾಗ ಪೂರ್ತಿ ಇಳಿಸಿದರು. "ನಿನ್ನೆ ಬಿಪಿ ಎಷ್ಟಿತ್ತು?" 160. "ಈಗ?" ನನ್ನ ಗಂಟಲು ಒಣಗಿತು. ಸಲೈನ್ ಜೋರಾಗಿ ಬಿಟ್ಟೆವು. ಸಿಟಿ ಸ್ಕ್ಯಾನ್‌ಗೆ ಹೋಗಲು ಟ್ರಾಲಿ ಬರಬೇಕು, ಲಿಫ್ಟ್ ಬರಬೇಕು, ಎರಡೂ ಬರಲ್ಲ. 118. 126. ಕೈ ಹಾಗೇ ಇದೆ. 138. ಟ್ರಾಲಿಗೆ ಎತ್ತುವಾಗ ಅದೇ ಬಲಗೈ ನನ್ನ ಮಣಿಕಟ್ಟು ಹಿಡಿದುಕೊಂಡಿತು. ಸ್ಕ್ಯಾನ್‌ನಲ್ಲಿ ಮಿದುಳಿನ ರಕ್ತಸ್ರಾವ ಇರಲಿಲ್ಲ.

ರಿಜಿಸ್ಟ್ರಾರ್ ಮಗನಿಗೆ ಅವರ ಭಾಷೆಯಲ್ಲೇ ಹೇಳಿದರು: "ತೋಟದ ಪೈಪು ಅರ್ಧ ಕಟ್ಟಿಕೊಂಡಾಗ ಮೋಟರ್ ಪ್ರೆಶರ್ ಇಳಿಸಿದ್ರೆ ಕೊನೇ ಮರಕ್ಕೆ ನೀರು ಹೋಗುತ್ತಾ?" ಬಿಪಿ 140ರ ಒಳಗೆ ಬರಬೇಕು ನಿಜ, ಆದರೆ ನಿಧಾನವಾಗಿ. ಮೊದಲ ದಿನಗಳಲ್ಲಿ ಅವಸರ ಮಾಡಬಾರದು.

ಸ್ಟೆಂಟ್ ಮಾತು ಮತ್ತೆ ಬಂತು. ಈ ಸಲ ಕನ್ಸಲ್ಟೆಂಟ್ (ಹಿರಿಯ ಡಾಕ್ಟರ್) ಕೂತು ವಿವರಿಸಿದರು. ಮಿದುಳಿನ ಕಿರಿದಾದ ರಕ್ತನಾಳಕ್ಕೆ ಸ್ಟೆಂಟ್ ಹಾಕಿ ನೋಡಿದ ಅಮೆರಿಕದ ಸ್ಯಾಂಪ್ರಿಸ್ ಟ್ರಯಲ್, ಫಲಿತಾಂಶ ಬಂದದ್ದು 2011ರಲ್ಲಿ. 451 ಜನ. ಮೊದಲ 30 ದಿನದಲ್ಲಿ ಸ್ಟ್ರೋಕ್ ಅಥವಾ ಸಾವು: ಸ್ಟೆಂಟ್ ಗುಂಪಿನಲ್ಲಿ ಶೇ 14.7, ಬರೀ ಮಾತ್ರೆಯವರಲ್ಲಿ ಶೇ 5.8. ಹೊಸಬರನ್ನು ಸೇರಿಸುವುದನ್ನೇ ಮಧ್ಯದಲ್ಲಿ ನಿಲ್ಲಿಸಿದರು. ಎಂಸಿಎಯಿಂದ ಹೊರಡುವ ಕೂದಲೆಳೆಯಂಥ ಕವಲುಗಳು ಸ್ಟೆಂಟ್ ಒತ್ತಿದಾಗ ಮುಚ್ಚಿಹೋಗಬಹುದು. ಹಾರ್ಟಿನ ಲೆಕ್ಕ ಇಲ್ಲಿ ನಡೆಯಲ್ಲ. 2024ರಲ್ಲಿ ಚೀನಾದ ಒಂದು ಟ್ರಯಲ್‌ನಲ್ಲಿ ಸ್ಟೆಂಟ್ ಇಲ್ಲದೆ, ಮಾತ್ರೆ ಜೊತೆ ರಕ್ತನಾಳದಲ್ಲಿ ಬಲೂನ್ ಹಿಗ್ಗಿಸಿ ಒಳ್ಳೇ ಫಲಿತಾಂಶ ಬಂದಿದೆ. ಆದರೂ ನಮ್ಮಲ್ಲಿ ಮೊದಲು ಮಾತ್ರೆ: 90 ದಿನ ಎರಡು ರಕ್ತ ತೆಳು ಮಾಡೋ ಮಾತ್ರೆ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 70ರ ಒಳಗೆ ಬರುವಷ್ಟು ಸ್ಟ್ಯಾಟಿನ್ ಮಾತ್ರೆ, ಬೀಡಿ ಬಂದ್. ಬೀಡಿ ಅಂದಾಗ ಮಾತ್ರ ಯಜಮಾನರಿಗೆ ಸಿಟ್ಟು ಬಂತು, ಮಾತೂ ಸ್ಪಷ್ಟವಾಗಿತ್ತು.

ನಮ್ಮ ಸಾಫ್ಟ್‌ವೇರ್ ಮಾತ್ರ 140 ದಾಟಿದರೆ ಕೆಂಪು ತೋರಿಸುತ್ತದೆ, 108ಕ್ಕೆ ಹಸಿರು. ಇಂಥ ಪೇಷಂಟ್‌ಗಳಿಗೆ ಕೆಳಗಿನ ಮಿತಿಯನ್ನೂ ಹಾಕಿ ಅಂತ ಐಟಿಯವರಿಗೆ ಬರೆದೆ. ಕಮಿಟಿ ಒಪ್ಪಬೇಕಂತೆ. ಅಲ್ಲಿಯವರೆಗೆ ಬೆಡ್ಡಿಗೆ ಪ್ಲಾಸ್ಟರ್ ಅಂಟಿಸಿ, ಡಾಕ್ಟರ್ ಹೇಳಿದ ಕೆಳಗಿನ ಅಂಕಿಯನ್ನು ಮಾರ್ಕರ್‌ನಲ್ಲಿ ಬರೆಯುತ್ತೇವೆ. ಆಡಿಟ್ ಬಂದ ದಿನ ಅದನ್ನೂ ಕಿತ್ತುಹಾಕಿಸುತ್ತಾರೆ, ನೋಡೋಕೆ ಚೆನ್ನಾಗಿಲ್ಲ ಅಂತ.