ಕಲ್ಸಂಕದಲ್ಲೇ ಆಫ್ ಆಗುವ ಝೆನ್: ಇಲ್ಲಿವರೆಗಿನ ಕೆಲಸ

ಗಾಡಿ 1996ರ ಮಾರುತಿ ಝೆನ್. 993 ಸಿಸಿ, ನಾಲ್ಕು ಸಿಲಿಂಡರ್, ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಮಾಡೆಲ್. ಕಂಪ್ಯೂಟರ್ ಇಲ್ಲದ ಗಾಡಿ, ಹಾಗಾಗಿ ಸ್ಕ್ಯಾನರ್ ಚುಚ್ಚಿ ರೋಗ ಕೇಳುವ ಹಾಗಿಲ್ಲ. ಮಲ್ಪೆಯ ಉಪ್ಪುಗಾಳಿಯಲ್ಲೇ ವರ್ಷಗಟ್ಟಲೆ ನಿಂತಿದೆ.

ಮಳೆ ಹಿಡಿದ ಮೇಲೆ ತೊಂದರೆ ಜಾಸ್ತಿಯಾಯಿತು. ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, ಅಂದರೆ ಐಡ್ಲಿಂಗ್‌ನಲ್ಲಿ ಸ್ಟಿಯರಿಂಗ್ ಸಮೇತ ಇಡೀ ಗಾಡಿ ನಡುಗುತ್ತದೆ. ಉಡುಪಿಯ ಕಲ್ಸಂಕ ಜಂಕ್ಷನ್ನಿನಲ್ಲಿ ಬ್ರೇಕ್ ಒತ್ತಿ ನಿಂತರೆ ಆಫ್. ಇಂದ್ರಾಳಿ ದಾಟಿ ಮಣಿಪಾಲದ ಏರು ಹತ್ತುವಾಗ ಮಿಸ್ಸಿಂಗ್, ಅಂದರೆ ಎಂಜಿನ್ ನಡುನಡುವೆ ಉರಿ ತಪ್ಪಿ ಮುಗ್ಗರಿಸುತ್ತದೆ. ಆದರೆ ಹೈವೇಯಲ್ಲಿ ಬ್ರಹ್ಮಾವರದ ಕಡೆ ಒಂದೇ ಸ್ಪೀಡಲ್ಲಿ ಹೋದರೆ ಏನೂ ತಕರಾರಿಲ್ಲ.

ಗ್ಯಾರೇಜಿನ ಅಣ್ಣ ಬಾನೆಟ್ ಎತ್ತುವ ಮೊದಲೇ ಹೇಳಿದರು: "ಎಂತ ಮಾರಾಯ್ರೆ, ಇದನ್ನು ಇನ್ನೂ ಇಟ್ಕೊಂಡಿದ್ದೀರಾ? ಐಡ್ಲಿಂಗ್ ಸ್ವಲ್ಪ ಏರಿಸಿ ಕೊಡ್ತೇನೆ, ಮತ್ತೆ ಆಫ್ ಆಗುದಿಲ್ಲ."

"ಬೇಡ ಅಣ್ಣ, ಮೊದಲು ಎಂತ ಆಗಿದೆ ನೋಡುವ."

ಐಡ್ಲಿಂಗ್ ಏರಿಸಿದರೆ ಆಫ್ ಆಗುವುದು ನಿಲ್ಲಬಹುದು, ನಿಜ. ಆದರೆ ರೋಗ ಒಳಗೇ ಉಳಿಯುತ್ತದೆ. ಈ ಕಾರ್ಬ್ಯುರೇಟರಿನ ಸ್ಕ್ರೂಗಳನ್ನು ಊರವರೆಲ್ಲ ತಿರುಗಿಸಿದ್ದಾರೆ ಅಂತ ತಲೆ ನೋಡಿದರೇ ಗೊತ್ತಾಗುತ್ತದೆ. ಬೇರೆಲ್ಲ ಸರಿಯಿದೆ ಅಂತ ಖಾತ್ರಿಯಾಗುವವರೆಗೆ ಅದನ್ನು ಮುಟ್ಟುವುದಿಲ್ಲ ಅಂತ ತೀರ್ಮಾನಿಸಿದೆ.

ಎಮಿಷನ್ ಟೆಸ್ಟ್

ಹೇಗೂ ಸರ್ಟಿಫಿಕೇಟ್ ಮುಗಿದಿತ್ತು. ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 0.3, ಹೈಡ್ರೋಕಾರ್ಬನ್ 1,300 ಪಿಪಿಎಂ. ಇಷ್ಟು ಹಳೆ ಪೆಟ್ರೋಲ್ ಕಾರುಗಳಿಗೆ ಶೇ. 3 ಮತ್ತು 1,500 ಪಿಪಿಎಂವರೆಗೆ ಅವಕಾಶ ಇದೆ. ಅಂದರೆ ಗಡಗಡ ನಡುಗುತ್ತಲೇ ನಮ್ಮ ಗಾಡಿ ಪಾಸ್!

ಪಾಸಾದರೂ ಆ ಎರಡು ಅಂಕಿಗಳು ಬಹಳಷ್ಟು ಹೇಳುತ್ತವೆ. ಹೈಡ್ರೋಕಾರ್ಬನ್ ಜಾಸ್ತಿ ಅಂದರೆ ಪೆಟ್ರೋಲ್ ಪೂರ್ತಿ ಉರಿಯದೆ ಹೊರಗೆ ಹೋಗುತ್ತಿದೆ. ಪೆಟ್ರೋಲ್ ಹೆಚ್ಚಾಗಿ ಹಾಗಾಗಿದ್ದರೆ ಮಾನಾಕ್ಸೈಡ್ ಕೂಡ ಏರಬೇಕಿತ್ತು. ಅದು ತಳದಲ್ಲಿದೆ. ಎಲ್ಲಿಂದಲೋ ಲೆಕ್ಕಕ್ಕಿಲ್ಲದ ಗಾಳಿ ಒಳಗೆ ಬರುತ್ತಿರಬೇಕು, ಜೊತೆಗೆ ಕಿಡಿಯೂ ಸರಿಯಿಲ್ಲದಿರಬಹುದು. ಪ್ಲಗ್ ಬಿಚ್ಚಿದಾಗ ತುದಿ ಬೆಳ್ಳಗೆ ಸುಟ್ಟ ಹಾಗಿತ್ತು. ಕಂದು ಬಣ್ಣ ಇರಬೇಕಿತ್ತು.

ಏರಿನ ಮಿಸ್ಸಿಂಗ್

ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿನ ಒಳಗೆ ಒತ್ತಡ ಜಾಸ್ತಿ. ಆಗ ಪ್ಲಗ್ ತುದಿಯಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಕರೆಂಟಿಗೆ ಅದಕ್ಕಿಂತ ಸುಲಭದ ದಾರಿ ಹೊರಗೆ ಸಿಕ್ಕರೆ ಅಲ್ಲೇ ಹೋಗುತ್ತದೆ. ಮಳೆಗಾಲದ ತೇವ, ಮೇಲೆ ಉಪ್ಪು, ಕೇಳಬೇಕಾ!

ರಾತ್ರಿ ಲೈಟ್ ಆರಿಸಿ, ಬಾನೆಟ್ ಎತ್ತಿ, ಎಂಜಿನ್ ಓಡುತ್ತಿರುವಾಗ ಪ್ಲಗ್ ವಯರ್‌ಗಳ ಮೇಲೆ ದೂರದಿಂದ ನೀರಿನ ಮಂಜು ಸಿಂಪಡಿಸಿದೆ. ಎರಡನೇ ಸಿಲಿಂಡರಿನ ವಯರಿನಿಂದ ಎಂಜಿನ್ ಹೆಡ್ ಕಡೆಗೆ ಚಟ್ ಚಟ್ ಅಂತ ತೆಳ್ಳಗಿನ ನೀಲಿ ಕಿಡಿ. ಅದೇ ಹೊತ್ತಿಗೆ ಎಂಜಿನ್ ಮುಗ್ಗರಿಸುತ್ತದೆ. ಮಾರನೇ ದಿನ ಮೀಟರ್ ಹಿಡಿದರೆ ಆ ವಯರ್ ಅಲುಗಿಸಿದಾಗಲೆಲ್ಲ ಅಂಕಿ ಕುಣಿಯಿತು. ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನ ಒಳಗೆ ಒಂದು ಕಾಲಿನಿಂದ ಪಕ್ಕದ ಕಾಲಿಗೆ ಪೆನ್ಸಿಲ್‌ನಲ್ಲಿ ಎಳೆದಂಥ ಕಪ್ಪು ಗೆರೆ, ಕರೆಂಟ್ ದಾರಿ ತಪ್ಪಿ ಹರಿದ ಗುರುತು. ಕ್ಯಾಪ್, ರೋಟರ್, ವಯರ್ ಸೆಟ್, ಪ್ಲಗ್ ಎಲ್ಲ ಹೊಸದು ಹಾಕಿದೆ. ಮಣಿಪಾಲ ಏರು ಮೂರನೇ ಗೇರಿನಲ್ಲಿ ಆರಾಮಾಗಿ ಹತ್ತಿತು.

ಕಲ್ಸಂಕದಲ್ಲಿ ಮಾತ್ರ ಮತ್ತೆ ಆಫ್.

ಬ್ರೇಕ್ ಒತ್ತಿದರೆ ಯಾಕೆ?

ಇನ್‌ಟೇಕ್ ಮ್ಯಾನಿಫೋಲ್ಡಿಗೆ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆ) ಅಲ್ಲಿನ ಎಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಕಟ್ಟಿದೆ. ಆರೋಗ್ಯವಾಗಿರುವ ಎಂಜಿನ್ ಐಡ್ಲಿಂಗ್‌ನಲ್ಲಿ 17ರಿಂದ 21 ಇಂಚು (ಪಾದರಸದ ಲೆಕ್ಕ) ತೋರಿಸಬೇಕು. ನಮ್ಮದು ಸಮುದ್ರದ ದಂಡೆಯಾದ್ದರಿಂದ ಮುಳ್ಳು ತೋರಿಸಿದ್ದೇ ಲೆಕ್ಕ. ಎತ್ತರದಲ್ಲಿ ಗಾಳಿಯ ಒತ್ತಡ ಕಮ್ಮಿ, ಹಾಗಾಗಿ ಮಡಿಕೇರಿಯವರು ಮೂರ್ನಾಲ್ಕು ಇಂಚು ಕಮ್ಮಿಯೇ ಅಂತ ಹಿಡಿಯಬೇಕು. ನನಗೆ ಸಿಕ್ಕಿದ್ದು 15. ಮಗನಿಗೆ ಬ್ರೇಕ್ ಒತ್ತಲು ಹೇಳಿದೆ. ಮುಳ್ಳು 11ಕ್ಕೆ ಇಳಿಯಿತು, ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು.

ಪೆಡಲಿಗೆ ಹೆಚ್ಚಿನ ಬಲ ಕೊಡುವ ಬ್ರೇಕ್ ಬೂಸ್ಟರ್ ಕೆಲಸ ಮಾಡುವುದೇ ಮ್ಯಾನಿಫೋಲ್ಡಿನ ವ್ಯಾಕ್ಯೂಮ್‌ನಿಂದ. ಒಳಗಿನ ಡಯಾಫ್ರಮ್ (ರಬ್ಬರಿನ ಪರದೆ) ಹರಿದಿದ್ದರೆ ಪೆಡಲ್ ಒತ್ತಿದಾಗ ಒಳಹೊಕ್ಕ ಹೊರಗಿನ ಗಾಳಿ ನೇರ ಎಂಜಿನ್ನಿಗೆ ಹೋಗುತ್ತದೆ. ಹೈವೇಯಲ್ಲಿ ಎಂಜಿನ್ ಎಳೆಯುವ ಗಾಳಿಯೇ ಅಷ್ಟಿರುವುದರಿಂದ ಸ್ವಲ್ಪ ಸೋರಿಕೆ ಗೊತ್ತಾಗುವುದಿಲ್ಲ. ಐಡ್ಲಿಂಗ್‌ನಲ್ಲಿ ಅದೇ ದೊಡ್ಡ ಪಾಲು.

ಖಾತ್ರಿ ಮಾಡಲು, ಗಾಡಿ ನಿಂತಲ್ಲೇ ಇಟ್ಟು, ಬೂಸ್ಟರ್ ಪೈಪನ್ನು ಬಟ್ಟೆ ಸುತ್ತಿದ ಇಕ್ಕಳದಿಂದ ಹಿಚುಕಿದೆ. ಮುಳ್ಳು 18ಕ್ಕೆ ಏರಿತು, ನಡುಕ ಅರ್ಧಕ್ಕರ್ಧ ಇಳಿಯಿತು, ಬ್ರೇಕ್ ಒತ್ತಿದರೂ ಎಂಜಿನ್ ಅಲುಗಲಿಲ್ಲ. ಬಿಟ್ಟ ಮೇಲೆ ಪೆಡಲಿನ ಹತ್ತಿರ ಕಿವಿ ಇಟ್ಟರೆ ಬುಸ್ ಅನ್ನುವ ಸದ್ದು ಸ್ಪಷ್ಟ. ಗೇಜ್ ಇಲ್ಲದವರಿಗೂ ಒಂದು ಪರೀಕ್ಷೆ ಇದೆ: ಎಂಜಿನ್ ಆಫ್ ಇದ್ದಾಗ ಬ್ರೇಕನ್ನು ನಾಲ್ಕೈದು ಸಲ ಒತ್ತಿ ಬಿಡಿ, ಆಮೇಲೆ ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು. ನನ್ನದು ಇಳಿಯಲಿಲ್ಲ.

ಗುಜರಿಯಲ್ಲಿ ಹಳೆ ಬೂಸ್ಟರ್ ಕಮ್ಮಿಗೆ ಸಿಗುತ್ತಿತ್ತು. ಬ್ರೇಕಿನ ವಿಷಯದಲ್ಲಿ ಆ ಉಳಿತಾಯ ಬೇಡ ಅನ್ನಿಸಿತು. ಮಂಗಳೂರಿನಿಂದ ಹೊಸದು ತರಿಸಿ ಗ್ಯಾರೇಜಿನ ಅಣ್ಣನಿಂದಲೇ ಹಾಕಿಸಿದೆ. ಬೂಸ್ಟರಿನ ಮುಂದೆ ಕೂತು ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಬಿಚ್ಚಿದಾಗ ಅವರು ಬೆರಳು ಒರೆಸಿ ತೋರಿಸಿದರು: ಬ್ರೇಕ್ ಆಯಿಲ್. ಹಿಂದಿನ ಸೀಲ್ ಸೋರಿ ಆಯಿಲ್ ಬೂಸ್ಟರಿನ ತಳಕ್ಕೆ ಇಳಿದಿತ್ತು. ನೆಲದ ಮೇಲೆ ಒಂದು ತೊಟ್ಟೂ ಬೀಳದೆ ಡಬ್ಬಿಯಲ್ಲಿ ಆಯಿಲ್ ಕಮ್ಮಿಯಾಗುತ್ತಿದ್ದುದು ಯಾಕೆ ಅಂತಲೂ ಗೊತ್ತಾಯಿತು. ಮಾಸ್ಟರ್ ಸಿಲಿಂಡರನ್ನೂ ಬದಲಿಸಿ, ಬ್ರೇಕ್ ಪೈಪಿನಲ್ಲಿ ಸೇರಿದ ಏರ್ ತೆಗೆಸಿದೆ.

ಈಗ ಸ್ಕ್ರೂ

ಈಗ ಬೇಕಾದರೆ ಕಾರ್ಬ್ಯುರೇಟರ್ ಮುಟ್ಟಬಹುದು. ಮುಟ್ಟಲು ಕಾರಣವೂ ಇದೆ. ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಬರೀ ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ ಈ ಮಿಶ್ರಣಕ್ಕೆ ಸುಮಾರು 13.5 ಸಾಕು. ಇಂಜೆಕ್ಷನ್ ಗಾಡಿ ಸೆನ್ಸರ್ ನೋಡಿ ಹೊಂದಿಸಿಕೊಳ್ಳುತ್ತದೆ. ಕಾರ್ಬ್ಯುರೇಟರಿಗೆ ಆ ಬುದ್ಧಿ ಇಲ್ಲ, ಹಳೆ ಲೆಕ್ಕದಲ್ಲೇ ಹಾಕುತ್ತದೆ, ಗಾಳಿಯ ಪಾಲು ಹೆಚ್ಚಾಗುತ್ತದೆ. ಹಾಗಾಗಿ ಮೊದಲು ಸಹಿಸಿಕೊಳ್ಳುತ್ತಿದ್ದ ಸಣ್ಣ ಸೋರಿಕೆಯೂ ಈಗ ಗಾಡಿ ನಿಲ್ಲಿಸುತ್ತದೆ. ಪೆಟ್ರೋಲ್ ಪೈಪುಗಳನ್ನು ಎಥನಾಲ್ ತಡೆಯುವ ರಬ್ಬರಿನವಕ್ಕೆ ಬದಲಿಸಿದೆ, ಹಳೆಯವು ಬಗ್ಗಿಸಿದರೆ ಬಿರುಕು ಬಿಡುತ್ತಿದ್ದವು.

ಎಮಿಷನ್ ಸೆಂಟರಿನಲ್ಲೇ, ಮೆಷಿನ್ ನೋಡುತ್ತಾ ಮಿಕ್ಸ್ಚರ್ ಸ್ಕ್ರೂ ಹೊಂದಿಸಿದೆವು. ಮಾನಾಕ್ಸೈಡ್ ಶೇ. 1.4, ಹೈಡ್ರೋಕಾರ್ಬನ್ 280. ಐಡ್ಲಿಂಗ್ ನಿಮಿಷಕ್ಕೆ 850 ಸುತ್ತಿನ ಆಸುಪಾಸು. ಕಲ್ಸಂಕದಲ್ಲಿ ಸಂಜೆಯ ಟ್ರಾಫಿಕ್‌ನಲ್ಲೂ ನಿಂತು ನೋಡಿದೆ, ಆಫ್ ಆಗಲಿಲ್ಲ.

ಬಾಕಿ ಇರುವುದು ಎಸಿ. ಹಾಕಿದ ಕೂಡಲೇ ಐಡ್ಲಿಂಗ್ ಬಿದ್ದು ಮತ್ತೆ ನಡುಗುತ್ತದೆ. ಎಸಿ ಲೋಡ್ ಬಂದಾಗ ಥ್ರಾಟಲ್ (ಗಾಳಿ ಬಿಡುವ ಬಾಗಿಲು) ಸ್ವಲ್ಪ ತೆರೆಯುವ ಪುಟ್ಟ ಡಯಾಫ್ರಮ್ ಒಂದಿದೆ. ಅದರ ಪೈಪ್ ಬಿಚ್ಚಿ ಬಾಯಲ್ಲಿ ಎಳೆದು ನೋಡಿದೆ, ಹಿಡಿದು ನಿಲ್ಲುತ್ತಿಲ್ಲ. ಅಂಗಡಿಯಲ್ಲಿ ಹೇಳಿಟ್ಟಿದ್ದೇನೆ. ಬರುವವರೆಗೆ ಗ್ಲಾಸ್ ಇಳಿಸಿಕೊಂಡೇ ಓಡಾಟ, ಮಳೆ ಬಂದರೆ ಒಂದು ಕೈಯಲ್ಲಿ ಗ್ಲಾಸ್ ಒರೆಸಿಕೊಂಡು.