ಕಾರ್ಫ್ ಕೋಟೆಯ ಮೇಲೆ ನಿಂತು ಸ್ಟೀಮ್ ರೈಲು ನೋಡಿದ್ದು

ಮೊದಲ ಸಲ ಹೋದಾಗ ನಮಗೆ ಸಿಕ್ಕಿದ್ದು ಡೀಸೆಲ್ ಗಾಡಿ. ತಪ್ಪು ನನ್ನದೇ. ಆ ದಿನ ರೈಲು ಓಡುತ್ತದಾ ಅಂತ ನೋಡಿದ್ದೆ, ಯಾವ ರೈಲು ಅಂತ ನೋಡಿರಲಿಲ್ಲ. ಲಂಡನ್ನಿನಿಂದ ಮೂರು ಗಂಟೆ ಪಯಣ ಮಾಡಿ ಪ್ಲಾಟ್‌ಫಾರಂ ಮೇಲೆ ನಿಂತ ಮಾವ ನನ್ನ ಮುಖ ನೋಡಿದರು. "ಅಲ್ಲವಾ ತಂಗಿ, ಇದು ಡೀಸೆಲ್ ಐತಲ್ಲ. ಇದನ್ನ ನೋಡಾಕ ಇಷ್ಟು ದೂರ ಬರಬೇಕಿತ್ತೇನು?"

ಮಾವ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದವರು. ಅವರ ಸರ್ವೀಸಿನ ಮೊದಲರ್ಧ ಕಲ್ಲಿದ್ದಲು ಎಂಜಿನ್ನುಗಳ ಜೊತೆಯೇ ಕಳೆದಿತ್ತು. ಇಂಗ್ಲೆಂಡಿಗೆ ಬಂದರೆ ಅವರಿಗೆ ಅರಮನೆ, ಮ್ಯೂಸಿಯಂ ಏನೂ ಬೇಡ. ಒಂದು ಜೀವಂತ ಸ್ಟೀಮ್ ಎಂಜಿನ್ ಬೇಕು. ನನಗೆ ಪಾಳುಬಿದ್ದ ಕೋಟೆಗಳ ಹುಚ್ಚು. ಎರಡೂ ಒಂದೇ ಕಡೆ ಸಿಗುವ ಜಾಗ ಡಾರ್ಸೆಟ್ ಜಿಲ್ಲೆಯ ಕಾರ್ಫ್ ಕ್ಯಾಸಲ್. ಊರಿನ ಹೆಸರೂ ಅದೇ, ಕೋಟೆಯ ಹೆಸರೂ ಅದೇ. ಹಾಗಾಗಿ ಹತ್ತು ದಿನ ಬಿಟ್ಟು ಮತ್ತೆ ಹೋದೆವು, ಈ ಸಲ ಸರಿಯಾಗಿ ನೋಡಿಕೊಂಡು. ಊರಿಂದ ಅಪ್ಪ ಅಮ್ಮನೋ ಅತ್ತೆ ಮಾವನೋ ಬಂದಿದ್ದಾರೆ, ಎಲ್ಲಿಗೆ ಕರೆದುಕೊಂಡು ಹೋಗಲಿ ಅಂತ ಯೋಚಿಸುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ.

ಮೊದಲ ಮಾತು ದಿನದ ಬಗ್ಗೆ. ಇಲ್ಲಿ ಗಾಡಿ ಓಡಿಸುವ ಸ್ವಾನೇಜ್ ರೈಲ್ವೆಯ ವೆಬ್‌ಸೈಟಿನಲ್ಲಿ ವೇಳಾಪಟ್ಟಿಯ ಕ್ಯಾಲೆಂಡರ್ ಇರುತ್ತದೆ. ನಿಮ್ಮ ದಿನದ ಮೇಲೆ ಒತ್ತಿ, ಯಾವ ಯಾವ ಟ್ರಿಪ್ಪಿಗೆ ಸ್ಟೀಮ್, ಯಾವುದಕ್ಕೆ ಡೀಸೆಲ್ ಅಂತ ನೋಡಿ. ಬೇಸಿಗೆಯಲ್ಲಿ ಗಾಡಿಗಳು ಜಾಸ್ತಿ, ಚಳಿಗಾಲದಲ್ಲಿ ಕಡಿಮೆ. ಹಳೆಯ ಎಂಜಿನ್ನುಗಳಲ್ಲವಾ, ಕೊನೇ ಗಳಿಗೆಯಲ್ಲಿ ಕೆಟ್ಟು ಡೀಸೆಲ್ ಹಾಕುವುದೂ ಉಂಟು. ಹೊರಡುವ ದಿನ ಬೆಳಿಗ್ಗೆ ಇನ್ನೊಮ್ಮೆ ನೋಡಿಬಿಡಿ.

ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ವೇಮತ್ ಕಡೆ ಹೋಗುವ ರೈಲು ಹತ್ತಿ ವೇರ್‌ಹ್ಯಾಮ್‌ನಲ್ಲಿ ಇಳಿಯಬೇಕು. ಎರಡೂಕಾಲು ಗಂಟೆಯ ಮೇಲೆ ಸ್ವಲ್ಪ ಹಿಡಿಯುತ್ತದೆ. ಅಲ್ಲಿಂದ ಕಡಲತೀರದ ಊರು ಸ್ವಾನೇಜ್ ಕಡೆಗೆ ಹೋಗುವ 40ನೇ ನಂಬರಿನ ಬಸ್ಸು ಹಿಡಿದರೆ ಕಾಲು ಗಂಟೆಯಲ್ಲಿ ಕಾರ್ಫ್. ಅರವತ್ತು ದಾಟಿದವರಿಗೆ ಸೀನಿಯರ್ ರೈಲ್‌ಕಾರ್ಡ್ ಮಾಡಿಸಿ. ಪ್ರವಾಸಕ್ಕೆ ಬಂದವರಿಗೂ ಪಾಸ್‌ಪೋರ್ಟ್ ತೋರಿಸಿದರೆ ಕೊಡುತ್ತಾರೆ. ಟಿಕೆಟ್ಟಿನಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ. ಎರಡು ಮೂರು ದೂರದ ಪಯಣ ಮಾಡಿದರೆ ಕಾರ್ಡಿನ ದುಡ್ಡು ಬಂದ ಹಾಗೆಯೇ. ಕಾರಿನಲ್ಲಿ ಬರುವವರು ಊರೊಳಗೆ ಜಾಗ ಹುಡುಕುವ ಗೋಜಿಗೆ ಹೋಗಬೇಡಿ. ಊರಿಗೆ ಮುಂಚೆಯೇ ನಾರ್ಡನ್ ನಿಲ್ದಾಣದ ಪಾರ್ಕಿಂಗ್ ಇದೆ. ಅಲ್ಲಿ ನಿಲ್ಲಿಸಿ ರೈಲಿನಲ್ಲೇ ಬರಬಹುದು. ಕೋಟೆಗೆ ನಡೆದು ಬರಲು ಕಾಲುದಾರಿಯೂ ಇದೆ.

ಬಸ್ಸು ತಿರುವಿನಲ್ಲಿ ತಿರುಗಿದ ಕೂಡಲೇ ಕೋಟೆ ಕಾಣುತ್ತದೆ. ಎರಡು ಉದ್ದನೆಯ ಗುಡ್ಡಗಳ ನಡುವೆ ಒಂದು ಸಂದು. ಆ ಸಂದಿನಲ್ಲಿ ಒಂಟಿ ದಿಬ್ಬ. ದಿಬ್ಬದ ಮೇಲೆ ಮುರಿದ ಹಲ್ಲಿನ ಹಾಗೆ ಕಲ್ಲಿನ ಗೋಡೆಗಳು. ಕಾರ್ಫ್ ಅನ್ನುವ ಪದಕ್ಕೇ ಹಳೆಯ ಇಂಗ್ಲಿಷಿನಲ್ಲಿ ಸಂದು, ಕೊರೆದ ಜಾಗ ಅಂತ ಅರ್ಥ. ದಿಬ್ಬ ಸುಮಾರು 55 ಮೀಟರ್ ಎತ್ತರ, ಅದರ ಮೇಲಿನ ಮುಖ್ಯ ಗೋಪುರ ಇನ್ನೂ 21 ಮೀಟರ್. ಚಿತ್ರದುರ್ಗ ಹತ್ತಿದವರಿಗೆ ಅಳತೆಯಲ್ಲಿ ಇದು ಏನೂ ಅಲ್ಲ. ಆದರೆ ಚಿತ್ರದುರ್ಗ ಬಂಡೆಗಳ ನಡುವೆ ಅವಿತು ಕೂತಿದೆ. ಇದು ಬಯಲಲ್ಲಿ ಎದ್ದು ನಿಂತಿದೆ.

ಟಿಕೆಟ್ ಕೋಟೆಯನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆಯದು, ಅದರ ಸದಸ್ಯರಿಗೆ ಉಚಿತ. ಜೋರು ಗಾಳಿಯಿದ್ದರೆ ಕೋಟೆ ಮುಚ್ಚುತ್ತಾರೆ, ಅದನ್ನೂ ಹೊರಡುವ ಮುಂಚೆ ನೋಡಿಕೊಳ್ಳಿ. ಬಾತ್‌ರೂಮಿನ ಕೆಲಸ ಹತ್ತುವ ಮೊದಲೇ ಮುಗಿಸಿ. ಒಳ್ಳೆ ಹಿಡಿತದ ಬೂಟು ಹಾಕಿ. ಹುಲ್ಲು ಒದ್ದೆಯಾದರೆ ಚಪ್ಪಲಿ ನಿಲ್ಲುವುದಿಲ್ಲ. ಮಾವನಿಗೆ ಮೊಣಕಾಲು ನೋವು. ಹೊರಗಿನ ಅಂಗಳದ ತನಕ ಏರು ನಿಧಾನವಾಗಿದೆ, ಅಲ್ಲಿಯವರೆಗೆ ತೊಂದರೆಯಾಗಲಿಲ್ಲ. ಎರಡನೇ ಬಾಗಿಲು ದಾಟಿದ ಮೇಲೆ ಕಡಿದು. ಹತ್ತು ಹೆಜ್ಜೆಗೊಮ್ಮೆ ನಿಂತು ಹತ್ತಿದರು. ತೀರಾ ಕೈಲಾಗದವರು ಹೊರ ಅಂಗಳದಲ್ಲೇ ಹುಲ್ಲಿನ ಮೇಲೆ ಕೂತರೂ ನಷ್ಟವಿಲ್ಲ, ಶಿಳ್ಳೆ ಅಲ್ಲಿಗೂ ಕೇಳುತ್ತದೆ.

ಆ ಎರಡನೇ ಬಾಗಿಲಿನ ಹತ್ತಿರ ಎರಡು ನಿಮಿಷ ನಿಲ್ಲಿ. ಬಾಗಿಲಿನ ಒಂದು ಪಕ್ಕದ ಗೋಪುರ ಇದ್ದಲ್ಲೇ ಇದೆ. ಇನ್ನೊಂದು ಪಕ್ಕದ್ದು ಹಾಗೇ ನಿಂತ ಭಂಗಿಯಲ್ಲೇ ಕೆಳಕ್ಕೆ ಜಾರಿದೆ. ಬಿದ್ದಿಲ್ಲ, ಒಡೆದಿಲ್ಲ, ಸುಮ್ನೆ ಇಳಿದಿದೆ. ಮೇಲೆ ಹೋದರೆ ವಾಲಿದ ಗೋಡೆಗಳು, ಇಳಿಜಾರಿನಲ್ಲಿ ಉರುಳಿ ನಿಂತ ಮನೆಯಷ್ಟು ದೊಡ್ಡ ಕಲ್ಲಿನ ಗಟ್ಟಿಗಳು. ಇದು ಕಾಲದ ಹೊಡೆತಕ್ಕೆ ಹಾಳಾದ ಕೋಟೆಯಲ್ಲ. ಬೇಕೆಂದೇ ಕೆಡವಿದ್ದು.

ಕತೆ ಹೀಗಿದೆ. 1640ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ರಾಜನ ಕಡೆಯವರಿಗೂ ಪಾರ್ಲಿಮೆಂಟಿನ ಕಡೆಯವರಿಗೂ ಯುದ್ಧ. ಈ ಕೋಟೆಯನ್ನು 1635ರಲ್ಲಿ ಕೊಂಡಿದ್ದ ಸರ್ ಜಾನ್ ಬ್ಯಾಂಕ್ಸ್ ರಾಜನ ಜೊತೆ ಬೇರೆಡೆ ಇದ್ದರು. ಮನೆಯಲ್ಲಿದ್ದವರು ಹೆಂಡತಿ ಮೇರಿ ಬ್ಯಾಂಕ್ಸ್, ಮಕ್ಕಳು, ಕೆಲಸದವರು, ಬೆರಳೆಣಿಕೆಯ ಸೈನಿಕರು. 1643ರಲ್ಲಿ ಪಾರ್ಲಿಮೆಂಟಿನ ಪಡೆ ಮುತ್ತಿಗೆ ಹಾಕಿತು. ಮೇಲಿನ ಅಂಗಳ ಕಾಯಲು ನಿಂತದ್ದು ಈಕೆ, ಹೆಣ್ಣುಮಕ್ಕಳು, ದಾಸಿಯರು ಮತ್ತು ಐದು ಜನ ಸೈನಿಕರು. ಏಣಿ ಹಾಕಿ ಹತ್ತಿದವರ ಮೇಲೆ ಕಲ್ಲು, ಕೆಂಡ ಸುರಿದರು. ಆರು ವಾರ ಕಾದು ಮುತ್ತಿಗೆಯವರೇ ವಾಪಸ್ ಹೋದರು. ಮಾವನಿಗೆ ಇದನ್ನು ಹೇಳುತ್ತಿದ್ದಾಗ ಅವರು ಮಧ್ಯೆಯೇ ಬಾಯಿ ಹಾಕಿದರು: "ನಮ್ಮ ಓಬವ್ವ!" ಓಬವ್ವನ ಕೈಯಲ್ಲಿ ಒನಕೆ, ಇವಳ ಕೈಯಲ್ಲಿ ಕೆಂಡ.

ಎರಡನೇ ಮುತ್ತಿಗೆಯ ಹೊತ್ತಿಗೆ ಗಂಡ ತೀರಿಕೊಂಡಿದ್ದರು. 1646ರ ಫೆಬ್ರವರಿಯಲ್ಲಿ ಒಳಗಿನ ಒಬ್ಬ ಅಧಿಕಾರಿಯೇ ಮೋಸ ಮಾಡಿದ. ನೆರವಿನ ಪಡೆ ತರುತ್ತೇನೆಂದು ಹೋಗಿ ವೈರಿಗಳನ್ನೇ ಒಳಗೆ ಕರೆತಂದ. ಮುಂದಿನ ತಿಂಗಳು ಪಾರ್ಲಿಮೆಂಟು ಕೋಟೆ ಕೆಡವಲು ತೀರ್ಮಾನಿಸಿತು. ಬುಡ ಅಗೆದು, ಮದ್ದು ತುಂಬಿ ಸಿಡಿಸಿದರು. ಕಲ್ಲುಗಳು ಊರವರ ಮನೆಗಳಿಗೆ ಹೋದವು. ಈಗ ಊರಿನ ಬೀದಿಯಲ್ಲಿ ನಡೆಯುವಾಗ ನೋಡಿ, ಕೋಟೆಯ ಬಣ್ಣವೂ ಮನೆಗಳ ಬಣ್ಣವೂ ಒಂದೇ ಬೂದು. ಮೇರಿ ಬ್ಯಾಂಕ್ಸ್ ಧೈರ್ಯಕ್ಕೆ ಮೆಚ್ಚಿ ಕೋಟೆಯ ಬೀಗದ ಕೈಗಳನ್ನು ಅವರಿಗೇ ಬಿಟ್ಟರಂತೆ. ಆ ಕೈಗಳು ಇವತ್ತಿಗೂ ಆ ವಂಶದವರು ಆಮೇಲೆ ಕಟ್ಟಿದ ಕಿಂಗ್‌ಸ್ಟನ್ ಲೇಸಿ ಬಂಗಲೆಯಲ್ಲಿ ತೂಗುತ್ತಿವೆ. ಕೋಟೆ, ಬಂಗಲೆ ಎರಡನ್ನೂ ಆ ಮನೆತನದ ಕೊನೆಯವರು 1981ರಲ್ಲಿ ನ್ಯಾಷನಲ್ ಟ್ರಸ್ಟಿಗೆ ಬರೆದುಕೊಟ್ಟರು.

ಇನ್ನು ರೈಲು. ನನ್ನ ಮುಖ್ಯ ಸಲಹೆ ಇದೇ: ಬಂದ ಕೂಡಲೇ ರೈಲು ಹತ್ತಬೇಡಿ. ನಾರ್ಡನ್ನಿನಿಂದ ಸ್ವಾನೇಜ್‌ಗೆ ಬರೀ ಒಂಬತ್ತು ಕಿಲೋಮೀಟರ್, ಇಪ್ಪತ್ತೈದು ನಿಮಿಷದಲ್ಲಿ ಮುಗಿದುಹೋಗುತ್ತದೆ. ಒಳಗೆ ಕೂತವರಿಗೆ ಎಂಜಿನ್ನೂ ಕಾಣುವುದಿಲ್ಲ. ಮೊದಲು ಕೋಟೆಯ ಮೇಲಿಂದ ಎರಡು ಗಾಡಿ ನೋಡಿ. ಹಳಿ ಕೋಟೆಯ ಪೂರ್ವಕ್ಕೆ, ಅದೇ ಸಂದಿನಲ್ಲಿ ಹಾದುಹೋಗುತ್ತದೆ. ವೇಳಾಪಟ್ಟಿಯಲ್ಲಿ ಕಾರ್ಫ್ ನಿಲ್ದಾಣಕ್ಕೆ ಬರುವ ಹೊತ್ತು ನೋಡಿಕೊಂಡು, ಹತ್ತು ನಿಮಿಷ ಮೊದಲೇ ಮೇಲಿನ ಪೂರ್ವದ ಬದಿಗೆ ಹೋಗಿ ಜಾಗ ಹಿಡಿಯಿರಿ. ಮೊದಲು ಶಿಳ್ಳೆ ಕೇಳುತ್ತದೆ. ಆಮೇಲೆ ಮರಗಳ ಮೇಲೆ ಬಿಳಿ ಹೊಗೆ. ಎಂಜಿನ್ ಕೊನೆಗೆ. ಅಂದು ಬಂದದ್ದು 1940ರ ದಶಕದ ದೊಡ್ಡ ಹಸಿರು ಎಂಜಿನ್. ನಿಲ್ದಾಣದಿಂದ ಹೊರಡುವಾಗ ಅದರ ಉಸಿರು ಗುಡ್ಡಕ್ಕೆ ಬಡಿದು ವಾಪಸ್ ಬರುತ್ತಿತ್ತು. ಮಾವ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ನಾನು ಫೋಟೊ ತೆಗೆಯುತ್ತಿದ್ದೆ. "ಬೀಟ್ ಸಮ ಐತಿ, ಚಲೋ ಇಟ್ಟಾರ" ಅಂದರು.

ಕೋಟೆ ಮತ್ತು ರೈಲು ಒಂದೇ ಫೋಟೊದಲ್ಲಿ ಬೇಕಿದ್ದರೆ ಕೋಟೆಯಿಂದ ಇಳಿದು ಎದುರಿನ ಗುಡ್ಡ ಹತ್ತಬೇಕು. ಬೆಳಿಗ್ಗೆಯಾದರೆ ಪೂರ್ವದ ಗುಡ್ಡ, ಬಿಸಿಲು ನಿಮ್ಮ ಬೆನ್ನ ಹಿಂದಿರುತ್ತದೆ. ಮಧ್ಯಾಹ್ನದ ಮೇಲೆ ಪಶ್ಚಿಮದ್ದು. ಎರಡಕ್ಕೂ ಕಾಲುದಾರಿಯಿದೆ, ಟಿಕೆಟ್ ಇಲ್ಲ. ಆದರೆ ಎರಡೂ ಕಡಿದು. ಹಿರಿಯರನ್ನು ಕೆಳಗೆ ಚಹಾ ಅಂಗಡಿಯಲ್ಲಿ ಕೂರಿಸಿ ನೀವೊಬ್ಬರೇ ಹೋಗಿಬನ್ನಿ. ಇನ್ನೊಂದು ಮಾತು. ಇಲ್ಲಿ ಎಂಜಿನ್ನನ್ನು ಪ್ರತಿ ಸಲ ತಿರುಗಿಸುವುದಿಲ್ಲ. ಒಂದು ದಿಕ್ಕಿಗೆ ಮುಖ ಮುಂದಾಗಿ, ಇನ್ನೊಂದು ದಿಕ್ಕಿಗೆ ಹಿಮ್ಮುಖವಾಗಿ ಎಳೆಯುತ್ತದೆ. ಇವತ್ತು ಯಾವ ಕಡೆಗೆ ಮುಖ ಅಂತ ನಿಲ್ದಾಣದವರನ್ನು ಕೇಳಿದರೆ ಖುಷಿಯಿಂದ ಹೇಳುತ್ತಾರೆ.

ಖುಷಿಯಿಂದ ಅಂದೆನಲ್ಲ, ಅದಕ್ಕೆ ಕಾರಣವಿದೆ. ಇಲ್ಲಿ ಕೆಲಸ ಮಾಡುವವರಲ್ಲಿ ಬಹಳ ಜನ ಸಂಬಳವಿಲ್ಲದ ಸ್ವಯಂಸೇವಕರು. ಈ ಕವಲು ಹಾದಿ ಶುರುವಾದದ್ದು 1885ರಲ್ಲಿ. ಅದನ್ನು ಕೇಳಿ ಮಾವ ನಿಂತೇಬಿಟ್ಟರು. ಹುಬ್ಬಳ್ಳಿ ವರ್ಕ್‌ಶಾಪ್ ಶುರುವಾದದ್ದೂ ಅದೇ ವರ್ಷ. ಲಾಭವಿಲ್ಲವೆಂದು ಸರ್ಕಾರಿ ರೈಲ್ವೆಯವರು 1972ರ ಜನವರಿಯಲ್ಲಿ ಇದನ್ನು ಮುಚ್ಚಿದರು. ಅದೇ ಬೇಸಿಗೆಯಲ್ಲಿ ಏಳು ವಾರದಲ್ಲಿ ಹಳಿ ಕಿತ್ತುಹಾಕಿದರು. ಏಳು ವಾರದಲ್ಲಿ ಕಿತ್ತದ್ದನ್ನು ಊರವರು, ರೈಲು ಹುಚ್ಚಿನವರು ಸೇರಿ ಮತ್ತೆ ಹಾಕಲು ಇಪ್ಪತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. 1979ರಲ್ಲಿ ಸ್ವಾನೇಜ್ ನಿಲ್ದಾಣದ ಬುಡದಲ್ಲಿ ಕೆಲವೇ ನೂರು ಗಜ ಓಡಿತು. 1995ರಲ್ಲಿ ಕಾರ್ಫ್ ದಾಟಿ ನಾರ್ಡನ್ ಮುಟ್ಟಿತು. 1893ರಲ್ಲಿ ತಯಾರಾದ ಒಂದು ಎಂಜಿನ್ನನ್ನು ಇವರು 2023ರಲ್ಲಿ ಮತ್ತೆ ಉಗಿಯಲ್ಲಿ ಓಡಿಸಿದ್ದಾರೆ. ಅಮೆರಿಕಕ್ಕೆ ಹೋಗಿ ಇಪ್ಪತ್ತು ವರ್ಷ ಇದ್ದು ವಾಪಸ್ ಬಂದ, 1905ರ ಇನ್ನೊಂದು ಎಂಜಿನ್ನೂ ಈ ಹಾದಿಯದೇ. ಯಾವತ್ತು ಯಾವುದು ಎಳೆಯುತ್ತದೆ ಅನ್ನುವುದು ನಿಮ್ಮ ಅದೃಷ್ಟ.

ರೈಲು ಹತ್ತುವಾಗ ಸ್ವಾನೇಜ್ ಕಡೆಗೆ ಹೋಗುವವರು ಬಲಗಡೆ ಕೂರಿ, ಅಲ್ಲಿಂದ ನಾರ್ಡನ್ ಕಡೆಗಾದರೆ ಎಡಗಡೆ. ಕೋಟೆ ಕಾಣುವುದು ಆ ಬದಿಗೇ. ನಾವು ಕಾರ್ಫ್‌ನಲ್ಲಿ ಹತ್ತಿ ಮೊದಲು ಹಿಂದಕ್ಕೆ ನಾರ್ಡನ್‌ಗೆ ಹೋದೆವು, ಆಮೇಲೆ ಪೂರ್ತಿ ಸ್ವಾನೇಜ್‌ಗೆ. ಹೀಗೆ ಮಾಡಿದರೆ ಕೋಟೆಯ ಬುಡದಲ್ಲಿ ಎರಡು ಸಲ ಹಾದುಹೋಗುತ್ತೀರಿ. ಜೊತೆಗೆ ನಾರ್ಡನ್‌ನಲ್ಲಿ ಎಂಜಿನ್ ಬಿಚ್ಚಿ, ಪಕ್ಕದ ಹಳಿಯಲ್ಲಿ ಸುತ್ತಿ ಬಂದು, ಗಾಡಿಯ ಇನ್ನೊಂದು ತುದಿಗೆ ಕಟ್ಟುವುದನ್ನು ನೋಡಬಹುದು. ದಿನವಿಡೀ ಓಡಾಡುವ ಟಿಕೆಟ್ ತಗೊಂಡರೆ ಈ ಆಟಕ್ಕೆ ಸರಿ. ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಕೆಲಸದಲ್ಲಿದ್ದ ಹುಡುಗನಿಗೆ ಮಾವ ಕೈಸನ್ನೆಯಲ್ಲಿ ಬಾಯ್ಲರಿಗೆ ನೀರು ನುಗ್ಗಿಸುವ ಇಂಜೆಕ್ಟರ್ ತೋರಿಸಿ ಏನೋ ಕೇಳಿದರು. ಅವನು ಇಂಗ್ಲಿಷಿನಲ್ಲಿ, ಇವರು ಹುಬ್ಬಳ್ಳಿ ಕನ್ನಡದಲ್ಲಿ. ಬಾಯ್ಲರ್, ಗೇಜ್, ಇಂಜೆಕ್ಟರ್, ಸ್ಟೀಮ್ ಇಷ್ಟು ಪದ ಇಬ್ಬರಿಗೂ ಒಂದೇ ಆದ್ದರಿಂದ ಹತ್ತು ನಿಮಿಷ ಮಾತು ನಡೆಯಿತು. ನಾನು ಅನುವಾದ ಮಾಡಲು ಹೋದೆ, ಬೇಡ ಅಂದರು.

ಕಿಟಕಿಯಿಂದ ತಲೆ ಹೊರಗೆ ಹಾಕಬೇಡಿ. ನಿಯಮವೂ ಹೌದು, ಕಣ್ಣಿಗೆ ಮಸಿ ಬೀಳುವುದೂ ಹೌದು. ಬಿಳಿ ಬಟ್ಟೆಯೂ ಬೇಡ. ಇದು ಗೊತ್ತಿದ್ದೂ ಮಾವ ಇಸ್ತ್ರಿ ಮಾಡಿದ ಬಿಳಿ ಶರ್ಟನ್ನೇ ಹಾಕಿ ಬಂದಿದ್ದರು. ಕಪ್ಪು ಚುಕ್ಕೆ ಎರಡು ಸಲ ಒಗೆದರೂ ಹೋಗಿಲ್ಲ.

ಊಟದ ವಿಷಯ. ಸಸ್ಯಾಹಾರಿಗಳಿಗೆ ಬೇಯಿಸಿದ ದೊಡ್ಡ ಆಲೂಗಡ್ಡೆ ಮತ್ತು ಬೀನ್ಸ್, ಚೀಸ್ ಸ್ಯಾಂಡ್‌ವಿಚ್, ಸ್ಕೋನ್, ಸೇಬಿನ ಕೇಕು ಎಲ್ಲೆಡೆ ಸಿಗುತ್ತವೆ. ಸ್ಕೋನ್ ಜೊತೆ ಕೊಡುವ ಗಟ್ಟಿ ಕೆನೆ ಮಾವನಿಗೆ ಹಿಡಿಸಿತು, ಆಲೂಗಡ್ಡೆ ಹಿಡಿಸಲಿಲ್ಲ. ನಾವು ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿದ್ದೆವು, ಬಚಾವಾದೆವು. ಸ್ವಾನೇಜ್‌ನ ಸಮುದ್ರತೀರದಲ್ಲಿ ಕೂತು ತಿನ್ನುವುದಾದರೆ ಕಡಲಹಕ್ಕಿಗಳ ಮೇಲೆ ಕಣ್ಣಿರಲಿ, ಕೈಯಿಂದಲೇ ಕಿತ್ತುಕೊಂಡು ಹೋಗುತ್ತವೆ. ಸ್ವಾನೇಜ್ ಬಗ್ಗೆ ಇನ್ನೇನೂ ಹೇಳುವುದಿಲ್ಲ. ಮರಳು, ನೀರು, ಐಸ್‌ಕ್ರೀಂ. ಚೆನ್ನಾಗಿದೆ, ಒಂದು ಗಂಟೆ ಸಾಕು.

ಮಕ್ಕಳಿದ್ದರೆ ಕಾರ್ಫ್ ಚೌಕದ ಹತ್ತಿರದ ಮಾದರಿ ಊರನ್ನು ತೋರಿಸಿ. ಕೋಟೆ ಒಡೆಯುವ ಮೊದಲು ಹೇಗಿತ್ತು ಅನ್ನುವುದನ್ನು ಇಪ್ಪತ್ತನೇ ಒಂದು ಅಳತೆಯಲ್ಲಿ ಕಟ್ಟಿದ್ದಾರೆ. ನಿಜವಾದ ಕೋಟೆ ಹತ್ತುವ ಮುಂಚೆ ಇದನ್ನು ನೋಡಿದರೆ ಮೇಲೆ ಯಾವ ಗೋಡೆ ಯಾವುದು ಅಂತ ಬೇಗ ತಿಳಿಯುತ್ತದೆ. ನಾವು ಕೊನೆಗೆ ನೋಡಿದೆವು, ತಪ್ಪಾಯಿತು. ಇಂಗ್ಲೆಂಡಿನ ಉತ್ತರದಲ್ಲಿ, ಲೀಡ್ಸ್ ಯಾರ್ಕ್ ಕಡೆ ಇರುವವರು ಇಷ್ಟು ದೂರ ಬರಬೇಕಿಲ್ಲ. ಪಿಕರಿಂಗ್ ಊರಿನಲ್ಲಿ ಪಾಳುಕೋಟೆಯೂ ಇದೆ, ಅಲ್ಲಿಂದಲೇ ಹೊರಡುವ ನಾರ್ತ್ ಯಾರ್ಕ್‌ಷೈರ್ ಮೂರ್ಸ್ ರೈಲ್ವೆಯ ಸ್ಟೀಮ್ ಗಾಡಿಯೂ ಇದೆ. ಹಾದಿ ಇದಕ್ಕಿಂತ ಉದ್ದ, ಕೋಟೆ ಇದಕ್ಕಿಂತ ಸಾಧಾರಣ.

ವಾಪಸಿನ ಬಸ್ಸನ್ನು ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ. ಸಂಜೆಯಾಗುತ್ತಿದ್ದಂತೆ ಬಸ್ಸುಗಳು ಕಡಿಮೆಯಾಗುತ್ತವೆ, ಭಾನುವಾರ ಇನ್ನೂ ಕಡಿಮೆ. ಒಂದು ತಪ್ಪಿದರೆ ವೇರ್‌ಹ್ಯಾಮ್‌ನಲ್ಲಿ ಲಂಡನ್ ರೈಲೂ ತಪ್ಪುತ್ತದೆ. ನಮಗೆ ಅರ್ಧ ಗಂಟೆ ಕಾಯಬೇಕಾಯಿತು. ನಾನು ಗಡಿಯಾರ ನೋಡುತ್ತಿದ್ದೆ. ಮಾವ ಮಾತ್ರ ಸ್ಟಾಪಿನಲ್ಲಿ ನಿಲ್ಲದೆ ನಿಲ್ದಾಣದ ಬೇಲಿಯ ಹತ್ತಿರ ಹೋಗಿದ್ದರು. ಕೊನೆಯ ಸ್ಟೀಮ್ ಗಾಡಿ ಇನ್ನೂ ಬಂದಿರಲಿಲ್ಲ.