ಕನ್ನಡಕದ ಮೇಲೆ ಸೈಕಲ್ ಗಾಗಲ್: ‘ಹೆಲ್ಮೆಟ್ ತಂದಿದ್ದೀರಾ ಸರ್?’

ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದವರಿಗೆ ಮೊದಲು ಕಲಿಸುವುದೇ ಗಿರಾಕಿಯ ಮುಖ ನೋಡುವುದನ್ನು. ದುಂಡು ಮುಖಕ್ಕೆ ಯಾವ ಫ್ರೇಮ್, ಮೂಗು ಚಪ್ಪಟೆ ಇದ್ದರೆ ಯಾವ ಪ್ಯಾಡ್, ಇಂಥದ್ದೆಲ್ಲ. ಆದರೆ ಪವರ್ ಕನ್ನಡಕದ ಮೇಲೆ ಹಾಕಿಕೊಳ್ಳಲು ಸೈಕಲ್ ಗಾಗಲ್ ಕೇಳಿಕೊಂಡು ಬಂದವರ ಮುಖ ನೋಡಿ ಏನೂ ಪ್ರಯೋಜನವಿಲ್ಲ. ಆ ಗಾಗಲ್ ಕೂರಬೇಕಾದ್ದು ಅವರ ಕನ್ನಡಕಕ್ಕೂ ಹೆಲ್ಮೆಟ್‌ಗೂ ನಡುವೆ ಉಳಿದಿರುವ ಇಷ್ಟೇ ಇಷ್ಟು ಜಾಗದಲ್ಲಿ. ಅದಕ್ಕೇ ಷೆಲ್ಫಿಗೆ ಕೈ ಹಾಕುವ ಮೊದಲು ಕೇಳಿಬಿಡುತ್ತೇನೆ: ‘ಹೆಲ್ಮೆಟ್ ತಂದಿದ್ದೀರಾ ಸರ್?’

ಹೆಚ್ಚಿನವರು ತಂದಿರುವುದಿಲ್ಲ. ಮನೆ ಹತ್ತಿರವಿದ್ದರೆ ಹೋಗಿ ತನ್ನಿ ಎನ್ನುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ. ಹೆಲ್ಮೆಟ್ ಇಲ್ಲದೆ ಕೊಂಡು ಹೋದ ಗಾಗಲ್ ವಾರ ಕಳೆಯುವುದರೊಳಗೆ ವಾಪಸ್ ಬರುತ್ತದೆ, ಆಗ ಇಬ್ಬರಿಗೂ ಸಿಟ್ಟು.

ನಾನಿರುವುದು ಮೈಸೂರಿನಲ್ಲಿ. ಇಲ್ಲಿ ಬೆಳಿಗ್ಗೆ ಎದ್ದು ಚಾಮುಂಡಿ ಬೆಟ್ಟ ಹತ್ತುವ ಸೈಕಲ್‌ನವರಿಗೆ ಬರವಿಲ್ಲ. ಸೈಕಲ್‌ನಲ್ಲೇ ಕೆಲಸಕ್ಕೆ ಹೋಗುವವರೂ ಇದ್ದಾರೆ. ಕಣ್ಣಿಗೆ ಬೀಳುವ ವಸ್ತುಗಳಿಗೂ ಬರವಿಲ್ಲ. ರಿಂಗ್ ರೋಡಿನಲ್ಲಿ ಲಾರಿ ಎಬ್ಬಿಸುವ ಮಣ್ಣು. ಮಂಡ್ಯದ ಕಡೆ ಹೋದರೆ ಕಬ್ಬಿನ ಟ್ರ್ಯಾಕ್ಟರ್‌ನಿಂದ ಹಾರುವ ತರಗು. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ಟಾರು ರಸ್ತೆ ಮೇಲೇ ಹರಡಿ ಒಕ್ಕಣೆ ಮಾಡುತ್ತಾರಲ್ಲ, ಆ ಹೊಟ್ಟು. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಬಂದ ಗೆದ್ದಲು ಹುಳ. ‘ಕನ್ನಡಕ ಇದೆಯಲ್ಲ, ಅದೇ ಸಾಕಲ್ವಾ?’ ಎಂದು ಕೇಳುತ್ತಾರೆ. ಎದುರಿನಿಂದ ಬರುವುದಕ್ಕೆ ಸ್ವಲ್ಪ ಮಟ್ಟಿಗೆ ಸಾಕು. ಪಕ್ಕದಿಂದ, ಕೆಳಗಿನಿಂದ ನುಗ್ಗುವ ಗಾಳಿಯನ್ನು ಮಾಮೂಲಿ ಕನ್ನಡಕ ತಡೆಯುವುದಿಲ್ಲ. ಇಳಿಜಾರಿನಲ್ಲಿ ಕಣ್ಣಲ್ಲಿ ನೀರು ತುಂಬಿಕೊಂಡು ತಿರುವಿನಲ್ಲಿ ದಾರಿಯೇ ಕಾಣದ ಹಾಗಾಗುವುದು ಇದರಿಂದಲೇ.

ಮೊದಲು ಅಳತೆ. ನಿಮ್ಮ ಕನ್ನಡಕದ ಕಡ್ಡಿಯ ಒಳಮೈ ನೋಡಿ. 52, ಪಕ್ಕದಲ್ಲಿ ಒಂದು ಪುಟ್ಟ ಚೌಕ, 18, ಆಮೇಲೆ 140, ಈ ಥರ ಸಣ್ಣಕ್ಷರದಲ್ಲಿ ಇರುತ್ತದೆ. ಒಂದು ಗಾಜಿನ ಅಗಲ 52 ಮಿ.ಮೀ., ಎರಡು ಗಾಜುಗಳ ನಡುವಿನ ಸೇತುವೆ 18, ಕಡ್ಡಿಯ ಉದ್ದ 140. ಎರಡು ಗಾಜು, ಸೇತುವೆ ಸೇರಿದರೆ 122 ಆಯಿತು. ಆದರೆ ಇದು ಪೂರ್ತಿ ಅಗಲವಲ್ಲ. ಎರಡೂ ಬದಿಯಲ್ಲಿ ಕೀಲು ಕೂರುವ ಮೂಲೆಗಳಿವೆಯಲ್ಲ, ಅವೇ ಗಾಗಲ್‌ಗೆ ಅಡ್ಡ ಬರುವುದು. ಅದಕ್ಕೆ ಈ ಕೀಲಿನಿಂದ ಆ ಕೀಲಿನವರೆಗೆ ಸ್ಕೇಲ್ ಇಟ್ಟು ಅಳೆಯುತ್ತೇನೆ. ಗಾಜಿನ ಎತ್ತರವನ್ನೂ ಅಳೆಯುತ್ತೇನೆ. ಈಗಿನ ಫ್ಯಾಷನ್‌ನ ಅಗಲ ಚೌಕದ ದಪ್ಪ ಫ್ರೇಮ್‌ಗಳ ಮೇಲೆ ಹೆಚ್ಚಿನ ಗಾಗಲ್‌ಗಳು ಕೂರುವುದೇ ಇಲ್ಲ. ಹಳೇ ಕಾಲದ ಸಣ್ಣ ಮೆಟಲ್ ಫ್ರೇಮ್ ಇದ್ದವರು ಅದೃಷ್ಟವಂತರು.

ಅಳತೆಯಲ್ಲಿ ಸಿಗದ ಇನ್ನೊಂದಿದೆ: ಆಳ. ಮೂಗಿನ ಪ್ಯಾಡ್ ಇರುವ ಕನ್ನಡಕ ಮುಖದಿಂದ ಸ್ವಲ್ಪ ಮುಂದೆ ನಿಲ್ಲುತ್ತದೆ. ಮೈನಸ್ ಪವರ್ ಜಾಸ್ತಿ ಇದ್ದರೆ ಗಾಜಿನ ಅಂಚು ದಪ್ಪ. ಹೀಗಾಗಿ ಎಲ್ಲ ಕಡೆ ಸರಿಯಾಗಿ ಕೂತಂತೆ ಕಂಡರೂ ಒಳಗೆ ಗಾಗಲ್ ಕನ್ನಡಕಕ್ಕೆ ತಾಗುತ್ತಿರುತ್ತದೆ. ಇದನ್ನು ಕಂಡುಹಿಡಿಯಲು ನನ್ನ ಹತ್ತಿರ ಒಂದು ಉಪಾಯವಿದೆ. ಗಾಗಲ್ ಹಾಕಿಸಿ, ‘ಒಂಚೂರು ನಗಿ’ ಎನ್ನುತ್ತೇನೆ. ನಕ್ಕಾಗ ಕೆನ್ನೆ ಉಬ್ಬಿ ಗಾಗಲ್‌ನ ಕೆಳ ಅಂಚನ್ನು ಮೇಲೆ ತಳ್ಳುತ್ತದೆ. ತಾಗುವಂತಿದ್ದರೆ ಸಣ್ಣಗೆ ‘ಟಿಕ್’ ಎಂದು ಸದ್ದು ಬರುತ್ತದೆ. ಅಂಗಡಿಯಲ್ಲಿ ಒಂದು ಸಲ ಬಂದ ಆ ಟಿಕ್, ಗುಂಡಿ ಬಿದ್ದ ರಸ್ತೆಯಲ್ಲಿ ದಾರಿಯುದ್ದಕ್ಕೂ ಬರುತ್ತಿರುತ್ತದೆ. ನಡುವೆ ಧೂಳೂ ಸೇರಿ ಕನ್ನಡಕದ ಕೋಟಿಂಗನ್ನು ಉಜ್ಜಿ ಹಾಳು ಮಾಡುತ್ತದೆ. ಗಾಗಲ್ ಸಾವಿರ ರೂಪಾಯಿಯದ್ದಾದರೂ ಒಳಗಿನ ಪವರ್ ಗಾಜು ಅದಕ್ಕಿಂತ ದುಬಾರಿ, ಅಲ್ವಾ?

ಇನ್ನು ಹೆಲ್ಮೆಟ್. ಕಿವಿಯ ಮೇಲೆ ಎಷ್ಟು ಜಾಗವಿದೆ ಎಂದು ಕನ್ನಡಿಯಲ್ಲಿ ಒಮ್ಮೆ ನೋಡಿಕೊಳ್ಳಿ. ಅಷ್ಟರಲ್ಲೇ ಕನ್ನಡಕದ ಕಡ್ಡಿ, ಗಾಗಲ್‌ನ ಕಡ್ಡಿ, ಹೆಲ್ಮೆಟ್‌ನ ಪಟ್ಟಿ ಮೂರೂ ಹೊಂದಿಕೊಳ್ಳಬೇಕು. ಹಿಂದಿನಿಂದ ಹೆಲ್ಮೆಟ್ ಬಿಗಿ ಮಾಡುವ ತಿರುಪು ಬೇರೆ ಕಡ್ಡಿಯ ತುದಿಯನ್ನು ಒತ್ತುತ್ತದೆ. ಐದು ನಿಮಿಷ ಹಾಕಿಕೊಂಡರೆ ಏನೂ ಗೊತ್ತಾಗುವುದಿಲ್ಲ. ಅರ್ಧ ಗಂಟೆಗೆ ಕಿವಿಯ ಹಿಂದೆ ನೋವು ಶುರುವಾಗಿ, ಆಮೇಲೆ ಅದೇ ತಲೆನೋವು. ಅದಕ್ಕೆ ಗಾಗಲ್ ಕಡ್ಡಿ ತೆಳ್ಳಗೆ, ನೇರವಾಗಿ, ಕಿವಿಯ ಹಿಂದೆ ಬಾಗದೆ ಇರುವಂಥದ್ದು ಒಳ್ಳೆಯದು. ಅದನ್ನು ಹೆಲ್ಮೆಟ್ ಪಟ್ಟಿಯ ಹೊರಗೆ ಹಾಕಿಕೊಳ್ಳಬಹುದು, ತೆಗೆಯುವಾಗಲೂ ಹೆಲ್ಮೆಟ್ ಬಿಚ್ಚಬೇಕಾಗಿಲ್ಲ. ಕಡ್ಡಿಯ ಬದಲು ಎಲಾಸ್ಟಿಕ್ ಪಟ್ಟಿ ಇರುವ ಗಾಗಲ್ ಆದರೆ ಕಿವಿಗೆ ಆರಾಮ. ಆದರೆ ಪಟ್ಟಿ ಎಳೆದಷ್ಟೂ ಕನ್ನಡಕವನ್ನು ಮೂಗಿಗೆ ಒತ್ತುತ್ತದೆ. ಮೂಗಿನ ಮೇಲೆ ಕೆಂಪು ಗುರುತು ಮೂಡಿದರೆ ಆ ಪಟ್ಟಿ ಬಿಗಿಯಾಯಿತು ಎಂದೇ ಅರ್ಥ.

ಹೆಲ್ಮೆಟ್ ಹಾಕಿಸಿದ ಮೇಲೆ ಅವರನ್ನು ಸ್ಟೂಲ್ ಮೇಲೆ ಕೂರಿಸಿ, ಹ್ಯಾಂಡಲ್ ಹಿಡಿದ ಹಾಗೆ ಮುಂದಕ್ಕೆ ಬಗ್ಗಿಸುತ್ತೇನೆ. ನೋಡುವವರಿಗೆ ತಮಾಷೆ. ಆದರೆ ಅಸಲಿ ಪರೀಕ್ಷೆ ಇದೇ. ಬಾಗಿದ ಹ್ಯಾಂಡಲ್‌ನ ಸೈಕಲ್‌ನಲ್ಲಿ ತಲೆ ಕೆಳಗೆ, ಕಣ್ಣು ಮೇಲೆ. ಆಗ ನಾವು ನೋಡುವುದು ಗಾಜಿನ ಮೇಲ್ಭಾಗದಿಂದ. ಗಾಗಲ್‌ನ ಮೇಲಂಚಿನ ಚೌಕಟ್ಟು ಸರಿಯಾಗಿ ಅಲ್ಲೇ ಅಡ್ಡ ಬರುತ್ತದೆ. ಎಷ್ಟೋ ಸಲ ಕನ್ನಡಕವೇ ಜಾರಿ, ಅವರು ಫ್ರೇಮಿನ ಮೇಲಿನಿಂದ ಬರಿಗಣ್ಣಲ್ಲಿ ನೋಡುತ್ತಿರುತ್ತಾರೆ.

ನಿವೃತ್ತ ಮೇಷ್ಟ್ರೊಬ್ಬರು ಬಂದಿದ್ದರು. ಬೆಟ್ಟ ಹತ್ತುವವರೇ. ‘ಏನಮ್ಮಾ, ಗಾಗಲ್ ಹಾಕಿದ್ರೆ ರಸ್ತೆ ಅಲುಗಾಡುತ್ತೆ, ಇನ್ನೊಂದು ಕಂಪನಿದು ಕೊಡು’ ಎಂದರು. ಸ್ಟೂಲ್ ಮೇಲೆ ಕೂರಿಸಿ ನೋಡಿದರೆ ತಪ್ಪು ಗಾಗಲ್‌ನದ್ದಲ್ಲ. ಅವರದ್ದು ಪ್ರೋಗ್ರೆಸಿವ್ ಗಾಜು: ಮೇಲೆ ದೂರದ ಪವರ್, ಕೆಳಗೆ ಓದುವ ಪವರ್. ಗಾಗಲ್‌ನ ಮೂಗಿನ ಭಾಗ ಕನ್ನಡಕವನ್ನು ಸ್ವಲ್ಪ ಮೇಲಕ್ಕೆ ಎತ್ತುತ್ತಿತ್ತು. ಹಾಗಾಗಿ ಮುಂದಿನ ಚಕ್ರದ ಹತ್ತಿರದ ರಸ್ತೆ ಓದುವ ಪವರ್‌ನ ಜಾಗದಲ್ಲಿ ಬಂದು ಮಸುಕಾಗುತ್ತಿತ್ತು. ‘ಮೇಷ್ಟ್ರೇ, ಸೈಕಲ್ ಮೇಲೆ ನೀವು ಪೇಪರ್ ಓದಲ್ಲ ತಾನೇ? ಬರೀ ದೂರದ ಪವರ್ ಹಾಕಿ ಒಂದು ಸಣ್ಣ ಫ್ರೇಮ್ ಮಾಡಿಸಿಕೊಳ್ಳಿ, ಅದರ ಮೇಲೆ ಇದೇ ಗಾಗಲ್ ನಡೆಯುತ್ತೆ’ ಎಂದೆ. ಮೊದಲು ವ್ಯಾಪಾರದ ಮಾತು ಅಂದುಕೊಂಡರು. ಪ್ರೋಗ್ರೆಸಿವ್‌ಗಿಂತ ಅದು ಎಷ್ಟು ಅಗ್ಗ ಎಂದು ಹೇಳಿದ ಮೇಲೆ ಒಪ್ಪಿದರು.

ಎಲ್ಲರೂ ಕೇಳುವ ಪ್ರಶ್ನೆ ಹಬೆಯದ್ದು. ಬೆವರಿನ ತೇವ ತುಂಬಿದ ಗಾಳಿ ತಣ್ಣಗಿನ ಗಾಜಿಗೆ ತಾಗಿದರೆ ಹನಿ ಕಟ್ಟುತ್ತದೆ. ಕನ್ನಡಕದ ಮೇಲೆ ಗಾಗಲ್ ಎಂದರೆ ಹಬೆ ಕೂರಲು ಎರಡು ಗಾಜು ಇಟ್ಟುಕೊಟ್ಟ ಹಾಗೆ. ಡಿಸೆಂಬರ್ ಬೆಳಗಿನಲ್ಲಿ ಬೆಟ್ಟ ಹತ್ತುವಾಗ ವೇಗ ಕಡಿಮೆ, ಬೆವರು ಜಾಸ್ತಿ, ಒಳಗೆ ಗಾಳಿ ಓಡಾಡುವುದಿಲ್ಲ. ಆಗಲೇ ಕಟ್ಟುವುದು. ಇಳಿಯುವಾಗ ಗಾಳಿ ನುಗ್ಗಿ ತಾನಾಗೇ ಬಿಡುತ್ತದೆ. ಊರೊಳಗೆ ಸಿಗ್ನಲ್‌ನಲ್ಲಿ ನಿಂತಾಗಲೂ ಇದೇ ಕಥೆ. ಹಾಗಾಗಿ ಸುತ್ತಲೂ ಸ್ಪಂಜ್ ಇಟ್ಟು ಮುಚ್ಚಿರುವ ಬೈಕ್ ಗಾಗಲ್ ಅನ್ನು ಸೈಕಲ್‌ಗೆ ನಾನು ಕೊಡುವುದಿಲ್ಲ. ಬೈಕ್‌ನಲ್ಲಿ ಬೆವರು ಅಷ್ಟು ಬರುವುದಿಲ್ಲ. ಸೈಕಲ್‌ಗೆ ಮೇಲೆ, ಕೆಳಗೆ ಕಿಂಡಿ ಇರಬೇಕು. ನೇರ ತೂತಿನಲ್ಲಿ ಗಾಳಿ ಚೆನ್ನಾಗಿ ಬರುತ್ತದೆ, ಧೂಳೂ ಬರುತ್ತದೆ. ಅಡ್ಡ ತಿರುಗಿಸಿದ ಕಿಂಡಿಯಲ್ಲಿ ಧೂಳು ಕಡಿಮೆ, ಗಾಳಿಯೂ ಕಡಿಮೆ. ರಿಂಗ್ ರೋಡಿನ ಧೂಳಲ್ಲಿ ಕೆಲಸಕ್ಕೆ ಹೋಗುವವರಿಗೆ ಎರಡನೆಯದು, ಬೆಟ್ಟದವರಿಗೆ ಮೊದಲನೆಯದು ಎಂದು ನನ್ನ ಲೆಕ್ಕ. ಹಬೆ ತಡೆಯುವ ಕೋಟಿಂಗ್ ಗಾಗಲ್‌ಗೆ ಮಾತ್ರ ಇದ್ದರೆ ಕೆಲಸ ಅರ್ಧವೇ. ಒಳಗಿನ ಕನ್ನಡಕಕ್ಕೂ ಸ್ಪ್ರೇ ಹೊಡೆದುಕೊಳ್ಳಬೇಕು.

ಗಟ್ಟಿತನದ ಬಗ್ಗೆ. ಗಾಗಲ್ ಗಾಜು ಪಾಲಿಕಾರ್ಬೊನೇಟ್ ಆಗಿರಲಿ. ಮಾಮೂಲಿ ಪ್ಲಾಸ್ಟಿಕ್ ಲೆನ್ಸ್ ಜೋರಾದ ಪೆಟ್ಟಿಗೆ ಒಡೆದು ಚೂರಾಗಬಹುದು, ಪಾಲಿಕಾರ್ಬೊನೇಟ್ ಸಾಮಾನ್ಯವಾಗಿ ಬಾಗುತ್ತದೆ, ನಗ್ಗುತ್ತದೆ, ಸುಲಭಕ್ಕೆ ಚೂರಾಗುವುದಿಲ್ಲ. ಗುರುತು ಹುಡುಕಿ. ಅಮೆರಿಕದ ಮಾನದಂಡವಾದರೆ ‘ಝಡ್ 87’ ಪಕ್ಕದಲ್ಲಿ ಪ್ಲಸ್ ಚಿಹ್ನೆ ಇರಬೇಕು. ಯುರೋಪಿನ ‘ಇಎನ್ 166’ ಆದರೆ ‘ಎಫ್’ ಅಕ್ಷರ: 6 ಮಿ.ಮೀ. ಉಕ್ಕಿನ ಗುಂಡು ಸೆಕೆಂಡಿಗೆ 45 ಮೀಟರ್ ವೇಗದಲ್ಲಿ ಬಡಿದರೂ ತಡೆದಿದೆ ಎಂದು. ನಮ್ಮ ದೇಶದ್ದು ‘ಐಎಸ್ 5983’. ಬರೀ ‘ಸಿಇ’ ಎಂದು ಅಚ್ಚಾಗಿದ್ದರೆ ಅದನ್ನು ನೋಡಿ ಗಟ್ಟಿ ಎಂದುಕೊಳ್ಳಬೇಡಿ, ತಂಪು ಕನ್ನಡಕದ ಮೇಲೂ ಅದು ಇರುತ್ತದೆ. ಒಳಗಿನ ಕನ್ನಡಕ ಇನ್ನೂ ಹಳೇ ಅಪ್ಪಟ ಗಾಜಿನದ್ದಾಗಿದ್ದರೆ ಗಾಗಲ್ ಆಮೇಲೆ, ಮೊದಲು ಆ ಗಾಜು ಬದಲಾಯಿಸಿ.

ತುಂಬಾ ಜನಕ್ಕೆ ಗೊತ್ತಿಲ್ಲದ ಒಂದು ವಿಷಯವಿದೆ. ಬಿಸಿಲಿಗೆ ಹೋದರೆ ತಾನೇ ಕಪ್ಪಾಗುವ ಫೋಟೋಕ್ರೋಮಿಕ್ ಕನ್ನಡಕ ಇದ್ದವರು ‘ನಂಗೆ ಬಿಳೀ ಗಾಗಲ್ ಸಾಕು, ಒಳಗಿಂದು ಕಪ್ಪಾಗುತ್ತಲ್ಲ’ ಎನ್ನುತ್ತಾರೆ. ಆಗುವುದಿಲ್ಲ. ಆ ಗಾಜು ಕಪ್ಪಾಗುವುದು ಹೆಚ್ಚಾಗಿ ಬಿಸಿಲಿನಲ್ಲಿರುವ ಯುವಿ ಕಿರಣದಿಂದ. ಪಾಲಿಕಾರ್ಬೊನೇಟ್ ಬಿಳಿಯಾಗಿ ಕಂಡರೂ ಯುವಿಯನ್ನು ತಡೆದುಬಿಡುತ್ತದೆ. ಹಾಗಾಗಿ ಗಾಗಲ್ ಹಿಂದಿರುವ ಕನ್ನಡಕಕ್ಕೆ ಬಿಸಿಲು ಬಂದದ್ದೇ ಸರಿಯಾಗಿ ಗೊತ್ತಾಗುವುದಿಲ್ಲ. ಒಬ್ಬರನ್ನು ಹೊರಗೆ ಫುಟ್‌ಪಾತ್‌ಗೆ ಕರೆದುಕೊಂಡು ಹೋಗಿ, ಬಿಚ್ಚಿಟ್ಟ ಕನ್ನಡಕದ ಒಂದು ಗಾಜಿನ ಮೇಲೆ ಮಾತ್ರ ಗಾಗಲ್ ಹಿಡಿದು ತೋರಿಸಿದೆ. ಸ್ವಲ್ಪ ಹೊತ್ತಿಗೆ ಒಂದು ಗಾಜು ಕಪ್ಪು, ಇನ್ನೊಂದು ಬೆಳ್ಳಗೆ. ಬಾಯಲ್ಲಿ ಹೇಳಿದಾಗ ನಂಬದಿದ್ದವರು ನೋಡಿ ನಂಬಿದರು. ಇಂಥವರಿಗೆ ಗಾಗಲ್‌ಗೇ ಬಣ್ಣ ಬೇಕು, ಇಲ್ಲವೇ ಬದಲಾಯಿಸಬಹುದಾದ ಎರಡು ಗಾಜು ಇರುವುದು ಬೇಕು. ಕತ್ತಲಲ್ಲಿ ಹೊರಟು ಬಿಸಿಲಲ್ಲಿ ಮರಳುವವರಿಗಂತೂ ಎರಡು ಗಾಜೇ ಸರಿ. ಹಳದಿ ಗಾಜು ಹಾಕಿದರೆ ಬೆಳಕು ಹೆಚ್ಚಾದಂತೆ ಅನಿಸುತ್ತದೆ, ನಿಜವಾಗಿ ಹೆಚ್ಚಾಗುವುದಿಲ್ಲ. ಕತ್ತಲಿಗೆ ಬಿಳಿಯದೇ ಇರಲಿ. ಪೋಲರೈಸ್ಡ್ ಗಾಜಿನ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಕಣ್ಣಿಗೆ ತಂಪು, ನಿಜ. ಆದರೆ ಒದ್ದೆ ರಸ್ತೆಯ ಹೊಳಪನ್ನೇ ಅದು ಕಡಿಮೆ ಮಾಡುತ್ತದೆ, ಜಾರುವ ಜಾಗ ಎಲ್ಲಿದೆ ಎಂದು ನಮಗೆ ಸುಳಿವು ಕೊಡುವುದು ಆ ಹೊಳಪೇ. ಹ್ಯಾಂಡಲ್ ಮೇಲಿನ ಮೊಬೈಲ್ ಪರದೆಯೂ ಕೆಲವು ಕೋನದಲ್ಲಿ ಕಪ್ಪಾಗಿ ಕಾಣುತ್ತದೆ.

ಯಾರಿಗೆ ಕನ್ನಡಕದ ಮೇಲಿನ ಗಾಗಲ್ ಬೇಡ? ವಾರವಾರವೂ ಗಂಟೆಗಟ್ಟಲೆ ಸೈಕಲ್ ಹೊಡೆಯುವವರಿಗೆ ಬೇಡ ಎಂದೇ ಹೇಳುತ್ತೇನೆ. ಎರಡು ಫ್ರೇಮಿನ ಭಾರ ಮೂಗು ಎಷ್ಟು ಹೊತ್ತು ಹೊರಬೇಕು? ಅವರಿಗೆ ಪವರ್ ಹಾಕಿದ ಸ್ಪೋರ್ಟ್ಸ್ ಕನ್ನಡಕ ಒಳ್ಳೆಯದು. ಆದರೆ ಮುಖಕ್ಕೆ ಸುತ್ತಿಕೊಳ್ಳುವಷ್ಟು ಬಾಗಿದ ಗಾಜಿನಲ್ಲಿ ಪವರ್ ಜಾಸ್ತಿ ಆದಷ್ಟೂ ಅಂಚಿನಲ್ಲಿ ನೋಟ ಸೊಟ್ಟಗಾಗುತ್ತದೆ. ಅಂಥ ಪವರ್ ಇದ್ದವರಿಗೆ ಗಾಗಲ್ ಒಳಗೆ ಸಿಕ್ಕಿಸುವ ಪುಟ್ಟ ಪವರ್ ಕ್ಲಿಪ್ ಸಿಗುತ್ತದೆ. ಅದು ಕಣ್ಣಿಗೆ ಹತ್ತಿರ ಇರುವುದರಿಂದ ರೆಪ್ಪೆ ತಾಗುತ್ತದೆಯೇ ನೋಡಿಕೊಳ್ಳಬೇಕು, ಹಬೆಯೂ ಬೇಗ ಕಟ್ಟುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಆಗುವವರಿಗೆ ಎಲ್ಲಕ್ಕಿಂತ ಸುಲಭ, ಆದರೂ ಮೇಲೆ ಗಾಗಲ್ ಬೇಕೇ ಬೇಕು. ಲೆನ್ಸ್ ಅಡಿಗೆ ಧೂಳಿನ ಕಣ ಸಿಕ್ಕಿದರೆ ರಸ್ತೆ ಬದಿಯಲ್ಲಿ ಕೂತು ಅಳಬೇಕಾಗುತ್ತದೆ. ದಿನಾ ಮನೆಯಿಂದ ಕೆಲಸಕ್ಕೆ, ಅಂಗಡಿಗೆ ಎಂದು ಸಣ್ಣ ಓಡಾಟ ಇರುವವರಿಗೆ ಮಾತ್ರ ಮೇಲಿನ ಗಾಗಲ್ಲೇ ಲಾಭ. ಮುಂದೆ ಪವರ್ ಬದಲಾದರೂ ಗಾಗಲ್ ಅದೇ ಇರುತ್ತದೆ.

ತೊಳೆಯುವುದನ್ನು ಮಾತ್ರ ಹೇಳಿಕೊಡದೆ ಯಾರನ್ನೂ ಕಳಿಸುವುದಿಲ್ಲ. ಸೈಕಲ್ ಇಳಿದ ತಕ್ಷಣ ಟೀ ಶರ್ಟ್ ತುದಿಯಿಂದ ಒರೆಸುವುದೇ ಗಾಗಲ್‌ಗೆ ದೊಡ್ಡ ಶತ್ರು. ಮೇಲೆ ಕೂತ ಮಣ್ಣನ್ನೇ ಉಜ್ಜಿದಂತಾಗುತ್ತದೆ. ಮೊದಲು ನಲ್ಲಿ ನೀರಿಗೆ ಹಿಡಿದು ಮಣ್ಣು ಹೋಗಿಸಿ, ಆಮೇಲೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಬೆರಳಲ್ಲಿ ಸವರಿ. ಒಳಮೈಯ ಕೋಟಿಂಗ್ ಒದ್ದೆ ಇರುವಾಗ ಉಜ್ಜಬಾರದು, ನೀರು ಕೊಡವಿ ಒಣಗಲು ಬಿಡಿ. ಥಿನ್ನರ್, ಪೆಟ್ರೋಲ್, ಉಗುರುಬಣ್ಣ ತೆಗೆಯುವ ದ್ರವ ಹತ್ತಿರವೂ ಸುಳಿಯಬಾರದು. ಪಾಲಿಕಾರ್ಬೊನೇಟ್ ಮೇಲೆ ಜೇಡರ ಬಲೆಯಂಥ ಬಿರುಕು ಬರುತ್ತದೆ. ಇಷ್ಟೆಲ್ಲ ಮಾಡಿದರೂ ಒಂದು ದಿನ ಗೀರು ಬೀಳುವುದೇ. ಬೆಳಗಿನ ಎದುರು ಬಿಸಿಲಿಗೆ ಆ ಗೀರುಗಳೆಲ್ಲ ಒಟ್ಟಿಗೆ ಹೊಳೆದು ಮುಂದಿನ ಹಂಪ್ ಕಾಣದ ಹಾಗಾದರೆ ಬೇರೆಯದು ತಗೊಳ್ಳಿ. ಹಳೆಯದನ್ನು ಬಿಸಾಕಬೇಡಿ, ಮನೆಯಲ್ಲಿ ಜೇಡರ ಬಲೆ ತೆಗೆಯುವಾಗ, ಫ್ಯಾನ್ ಒರೆಸುವಾಗ ಹಾಕಿಕೊಳ್ಳಲು ಚೆನ್ನಾಗಿರುತ್ತದೆ.